ಪದಚರ್ಚೆ: ‘ಹಿಸ್ಟರೆಕ್ಟಮಿ’ಗೆ ಏನು ಬರೆಯಲಿ? (ನಾಳೆ ಬೆಳಿಗ್ಗೆ ಪ್ರೆಸ್ಸಿಗೆ)

ಹಾಸನದಿಂದ:
ಎಲ್ಲರಿಗೂ ನಮಸ್ಕಾರ. ಒಂದು ನರ್ಸಿಂಗ್ ಹೋಮಿಗೆ ಹಿಸ್ಟರೆಕ್ಟಮಿ, ಅಂದರೆ ಗರ್ಭಾಶಯವನ್ನೇ ತೆಗೆದುಹಾಕುವ ಶಸ್ತ್ರಚಿಕಿತ್ಸೆ ಬಗ್ಗೆ ಕೈಪಿಡಿ ಅನುವಾದ ಮಾಡುತ್ತಿದ್ದೇನೆ. ಓದುವವರು ಆಲೂರು, ಸಕಲೇಶಪುರ ಕಡೆಯ ತೋಟದ ಕೆಲಸದ ಹೆಂಗಸರು. ಹಳೆಯ ಪ್ರತಿಯಲ್ಲಿ ‘ಗರ್ಭಾಶಯೋಚ್ಛೇದನ’ ಅಂತಿದೆ. ಓದಿದರೆ ನನಗೇ ಭಯವಾಗುತ್ತದೆ. ಡಿಟಿಪಿ ಹುಡುಗ ಜಾಗ ಸಾಲದು ಅಂತ ‘ಗರ್ಭ ತೆಗೆಯುವ ಆಪರೇಷನ್’ ಮಾಡಿಟ್ಟಿದ್ದಾನೆ. ಅದು ಅಬಾರ್ಷನ್ ಆಗಿಬಿಡುತ್ತದೆ, ಅಲ್ವಾ? ಬರೀ ‘ಆಪರೇಷನ್’ ಅಂದರೆ ನಮ್ಮ ಕಡೆ ಮಕ್ಕಳು ಸಾಕು ಅಂತ ಮಾಡಿಸಿಕೊಳ್ಳುವುದು. ‘ಟೋಟಲ್’, ‘ರಿಕವರಿ’ ಇವಕ್ಕೂ ಪದ ಬೇಕು.

ಮೂಡಿಗೆರೆಯಿಂದ:
ಬಸಿರುಚೀಲ. ‘ಬಸಿರುಚೀಲ ತೆಗೆತ’. ಹಳಗನ್ನಡದ ಬಸಿರ್ ಅಂದರೆ ಹೊಟ್ಟೆ, ತಮಿಳಿನ ವಯಿರು ಅದರ ಒಡಹುಟ್ಟು. ನಮ್ಮದೇ ಪದ ಮನೆಯಲ್ಲಿರುವಾಗ ಸಾಲ ಯಾಕೆ?

ಅರಸೀಕೆರೆಯಿಂದ:
ಹಳಗನ್ನಡದಲ್ಲಿ ಹೊಟ್ಟೆ, ಸರಿ. ಇವತ್ತು ‘ಬಸಿರು’ ಅಂದರೆ ಹೊಟ್ಟೆಯಲ್ಲಿ ಮಗು. ‘ಬಸಿರು ತೆಗೆಸು’ ಅಂದರೇನು ಅಂತ ಬೀದಿಯಲ್ಲಿ ಕೇಳಿ ನೋಡಿ. ಹಾಗಂತ ಯಾರಾದರೂ ‘ಬಸಿರುಕೋಶ’ ಅಂತ ಬಂದೀರಿ! ಅದು ಕನ್ನಡಕ್ಕೆ ಸಂಸ್ಕೃತ ಬೆಸೆದ ಅರಿಸಮಾಸ, ವ್ಯಾಕರಣಕ್ಕೆ ಒಗ್ಗದು. ‘ಗರ್ಭಕೋಶ’ ಸಾಕು. ಇನ್ನು ಇಂಗ್ಲಿಷ್ ಪದವಂತೂ ಬೇಡವೇ ಬೇಡ. ಗ್ರೀಕಿನ ‘ಹಿಸ್ಟೆರಾ’ ಅಂದರೆ ಗರ್ಭಕೋಶ, ‘ಹಿಸ್ಟೀರಿಯಾ’ ಹುಟ್ಟಿದ್ದೂ ಅಲ್ಲಿಂದಲೇ. ಹೆಂಗಸರ ಕಾಯಿಲೆಗೆಲ್ಲ ಮೈಯೊಳಗೆ ಅಲೆಯುವ ಗರ್ಭಕೋಶವೇ ಕಾರಣ ಅಂತ ನಂಬಿದ್ದ ಕಾಲದ ಪದ ಅದು.

ಮೂಡಿಗೆರೆಯಿಂದ:
ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನ ಕೋಲು ಹಿಡಿದು ಬಂದರಪ್ಪ. ಹಾಗಾದರೆ ‘ಮಳೆಗಾಲ’ವನ್ನೂ ಬಿಡೋಣ, ಮಳೆ ಕನ್ನಡ, ಕಾಲ ಸಂಸ್ಕೃತ. ನಮ್ಮೂರಲ್ಲಿ ಜೂನ್‌ನಿಂದ ಸುರಿಯುವುದಕ್ಕೆ ಏನನ್ನಲಿ ಮೇಷ್ಟ್ರೇ?

ಚಿಕ್ಕಮಗಳೂರಿನಿಂದ:
ನಾನು ನಿವೃತ್ತ ಸ್ಟಾಫ್ ನರ್ಸ್. ವಾರ್ಡಿನಲ್ಲಿ ಒಬ್ಬರೂ ‘ಬಸಿರುಚೀಲ’ ಅಂದದ್ದು ಕೇಳಿಲ್ಲ. ‘ಗರ್ಭಕೋಶ ತೆಗೆಸಿದೀನಿ ಸಿಸ್ಟರ್’ ಅಂತಾರೆ, ಅಷ್ಟೇ. ತಲೆಬರಹಕ್ಕೆ ‘ಗರ್ಭಕೋಶ ತೆಗೆಯುವ ಆಪರೇಷನ್’ ಹಾಕಿ ಮೇಡಂ. ಆ ‘ಕೋಶ’ ಮಾತ್ರ ಎಲ್ಲೂ ಬಿಟ್ಟುಹೋಗಬಾರದು.

ನಿಜವಾದ ತೊಡಕು ‘ಟೋಟಲ್’. ‘ಸಂಪೂರ್ಣ’ ಅಂತ ಬರೆದರೆ ಅಂಡಾಶಯವೂ ಹೋಯಿತು ಅಂದುಕೊಳ್ಳುತ್ತಾರೆ. ಡಾಕ್ಟರ ಲೆಕ್ಕದಲ್ಲಿ ಟೋಟಲ್ ಅಂದರೆ ಗರ್ಭಕೋಶ ಮತ್ತು ಅದರ ಬಾಯಿ. ಅಂಡಾಶಯದ ಮಾತೇ ಬೇರೆ. ಅದನ್ನು ಉಳಿಸಿದರೆ ಮುಟ್ಟು ಮಾತ್ರ ನಿಲ್ಲುತ್ತದೆ, ಹಾರ್ಮೋನ್ ಬರುತ್ತಲೇ ಇರುತ್ತದೆ. ಎರಡೂ ಅಂಡಾಶಯ ತೆಗೆದರೆ ಮೈ ಬಿಸಿಯೇರುವುದು, ಬೆವರು, ನಿದ್ದೆಗೇಡು ಒಮ್ಮೆಗೇ ಶುರುವಾಗಬಹುದು. ಮೂವತ್ತೈದರ ಹೆಂಗಸಿಗೆ ಇದು ಸಣ್ಣ ವಿಷಯವಲ್ಲ. ಹಾಗಾಗಿ ಒಂದೇ ಪದ ಹುಡುಕಬೇಡಿ, ಏನೇನು ತೆಗೆಯುತ್ತಾರೆ ಅಂತ ಬಿಡಿಸಿ ಬರೆಯಿರಿ.

ಗರ್ಭಕೋಶ ತೆಗೆಸದೆ ಇರುವ ಬೇರೆ ದಾರಿಗಳ ಪುಟದಲ್ಲಿ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನಕ್ಕೆ ‘ಕಾಪರ್ ಟಿ’ ಅಂತ ಬರೆದೀರಿ ಜೋಕೆ. ಕಾಪರ್ ಟಿಯಿಂದ ರಕ್ತಸ್ರಾವ ಜಾಸ್ತಿಯಾಗಬಹುದು. ಹಾರ್ಮೋನಿನದ್ದು ಕಡಿಮೆ ಮಾಡುತ್ತದೆ. ‘ಹಾರ್ಮೋನ್ ವಂಕಿ’ ಅನ್ನಿ. ಗರ್ಭಕೋಶದಲ್ಲಿ ಬೆಳೆಯುವ ಫೈಬ್ರಾಯ್ಡಿಗೆ ಬರೀ ‘ಗಡ್ಡೆ’ ಅಂದರೆ ಕ್ಯಾನ್ಸರ್ ಅಂತ ಅಳುತ್ತಾರೆ. ‘ಕ್ಯಾನ್ಸರ್ ಅಲ್ಲದ ಗಡ್ಡೆ’ ಅನ್ನಿ. ಗಡ್ಡೆ ಮಾತ್ರ ತೆಗೆದು ಗರ್ಭಕೋಶ ಉಳಿಸುವ ಆಪರೇಷನ್ ಕೂಡ ಇದೆ, ಅದು ಮೇಲೇ ಬರಲಿ.

ಬೇಲೂರಿನಿಂದ:
‘ರಿಕವರಿ’ಗೆ ‘ಬಾಣಂತನ’ ಹೇಗೆ? ನಮ್ಮತ್ತೆ ಹಾಗೇ ಅನ್ನುತ್ತಿದ್ದರು.

ಚಿಕ್ಕಮಗಳೂರಿನಿಂದ:
ಬೇಡ ಸಾರ್. ಬಾಣಂತನ ಅಂದರೆ ಕಂಬಳಿ ಹೊದ್ದು ಮಲಗಿಬಿಡುತ್ತಾರೆ. ಇಲ್ಲಿ ಡಾಕ್ಟರು ಹೇಳಿದ ಕೂಡಲೇ, ಸಾಮಾನ್ಯವಾಗಿ ಮಾರನೇ ದಿನವೇ, ಎದ್ದು ಓಡಾಡಬೇಕು. ಇಲ್ಲದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ. ‘ಸುಧಾರಿಸಿಕೊಳ್ಳುವುದು’ ಅಂದರೆ ಸಾಕು. ಹೊಟ್ಟೆ ಕೊಯ್ದಿದ್ದರೆ 6ರಿಂದ 8 ವಾರ. ಸಣ್ಣ ತೂತು ಮಾಡಿ ತೆಗೆದಿದ್ದರೆ ಬೇಗ. ‘ಭಾರ ಎತ್ತಬಾರದು’ ಅಂದರೆ ಅವರಿಗೆ ಕಾಫಿ ಮೂಟೆ ಮಾತ್ರ ನೆನಪಾಗುತ್ತದೆ. ತುಂಬಿದ ಬಿಂದಿಗೆ, ಹುಲ್ಲಿನ ಹೊರೆ, ಎತ್ತಿಕೊಳ್ಳುವ ಮೊಮ್ಮಗು ಎಲ್ಲ ಹೆಸರು ಹಿಡಿದು ಬರೆಯಿರಿ.

ಮೂಡಿಗೆರೆಯಿಂದ:
ಗರ್ಭ ಸಂಸ್ಕೃತ, ಕೋಶ ಸಂಸ್ಕೃತ, ಆಪರೇಷನ್ ಇಂಗ್ಲಿಷ್. ಕನ್ನಡ ಅಂತ ಉಳಿದದ್ದು ‘ತೆಗೆಯುವ’ ಒಂದೇ. ಚೆನ್ನಾಗಿದೆ.

ಬೇಲೂರಿನಿಂದ:
ನಮ್ಮ ತಾಲ್ಲೂಕಿನ ಹಲ್ಮಿಡಿ ಶಾಸನ ಓದಿದ್ದೀರಾ? ಸುಮಾರು ಕ್ರಿ.ಶ. 450ರದ್ದು, ತುಂಬಾ ಹಳೆಯ ಕನ್ನಡ ಶಾಸನ. ಶುರುವಾಗುವುದೇ ಸಂಸ್ಕೃತ ಶ್ಲೋಕದಿಂದ, ಮುಂದಿನ ಕನ್ನಡದಲ್ಲೂ ಸಂಸ್ಕೃತ ತುಂಬಿದೆ. ಅದನ್ನೂ ತಿದ್ದಿಬಿಡಿ.

ಮೂಡಿಗೆರೆಯಿಂದ:
ಕಲ್ಲು ಕೆತ್ತಿಸಿದವರು ದೊರೆಗಳು. ತೋಟದ ಹೆಂಗಸರಲ್ಲ.

ಅರಸೀಕೆರೆಯಿಂದ:
ತೋಟದ ಹೆಂಗಸರೇ ‘ಗರ್ಭಕೋಶ’ ಅನ್ನುತ್ತಿದ್ದಾರಲ್ಲ, ಅದನ್ನಾದರೂ ಕೇಳಿಸಿಕೊಳ್ಳಿ. ಮತ್ತೆ, ‘ಮಳೆಗಾಲ’ ರೂಢಿ. ರೂಢಿಗೆ ವಿನಾಯಿತಿ ಉಂಟು.

ಹಾಸನದಿಂದ:
ತಲೆಬರಹ ‘ಗರ್ಭಕೋಶ ತೆಗೆಯುವ ಆಪರೇಷನ್’. ಎರಡನೇ ಪುಟ ‘ತೆಗೆಸಲೇಬೇಕಾ? ಬೇರೆ ದಾರಿ ಏನಿದೆ?’ ಮೂರನೆಯದು ‘ಸುಧಾರಿಸಿಕೊಳ್ಳುವುದು’. ಬಿಂದಿಗೆಯೂ ಮೊಮ್ಮಗುವೂ ಸೇರಿದವು. ಸಿಸ್ಟರ್‌ಗೆ ತುಂಬಾ ಥ್ಯಾಂಕ್ಸ್. ಡಿಟಿಪಿ ಹುಡುಗನ ಪಕ್ಕದಲ್ಲೇ ಕೂತಿದ್ದೇನೆ, ‘ಕೋಶ’ ಹಾರಿಹೋಗದ ಹಾಗೆ.