ಹಾಸನ ಕೆಮಿಸ್ಟ್ರಿ ಬ್ಯಾಚ್: ಸಾಲಲ್ಲಿ ನಿಂತ ಮೊನೊಮರ್ ಜಗಳ

ಸವಿತಾ (ಫಾರ್ವರ್ಡ್): "ಮೊನೊಮರ್ ಅಣುಗಳು (ಸೇರಿ ಪಾಲಿಮರ್ ಸರಪಳಿ ಆಗುವ ಬಿಡಿ ಅಣುಗಳು) ದ್ರವ ಹರಳಿನ ಸ್ಥಿತಿಯಲ್ಲಿ (ದ್ರವದಂತೆ ಹರಿದರೂ ಓರಣ ಉಳಿಯುವ ಸ್ಥಿತಿ) ಸಾಲಾಗಿ ನಿಂತಿದ್ದರೆ, ಪಾಲಿಮರ್ ಕೂಡ ಅದೇ ಸಾಲಿನಲ್ಲಿ ಹುಟ್ಟುತ್ತದೆ."

ಮಂಜು, ಸಕಲೇಶಪುರ: ಬೆಳಬೆಳಗ್ಗೆ ಇದೇನ್ ಮಾರಾಯ್ತಿ! ಅಣು ಅದೇ, ಬಂಧ ಅದೇ, ಪ್ಲಾಸ್ಟಿಕ್ಕೂ ಅದೇ. ಮೊದಲು ಹೆಂಗೆ ನಿಂತಿದ್ವು ಅನ್ನೋದು ಯಾರಿಗೆ ಬೇಕು?

ಸವಿತಾ: ಬೇಕು ಕಣೋ. ಎರಡೂ ತುದೀಲಿ ಅಕ್ರಿಲೇಟ್ (ಪಕ್ಕದ ಅಣುವಿಗೆ ಕಟ್ಟಿಕೊಳ್ಳೋ ಭಾಗ) ಇರೋ ಕಡ್ಡಿಯಂಥ ಅಣು ತಗೋ. ಪಾಲಿಇಮೈಡ್ ಅನ್ನೋ ಪ್ಲಾಸ್ಟಿಕ್ ಬಳಿದು, ಬಟ್ಟೆಯಿಂದ ಒಂದೇ ದಿಕ್ಕಿಗೆ ಉಜ್ಜಿದ ಗಾಜಿನ ಮೇಲೆ ನೆಮ್ಯಾಟಿಕ್ ಸ್ಥಿತೀಲಿ (ದಿಕ್ಕು ಒಂದೇ, ಪದರ ಇಲ್ಲ) ಹರಡಿದ್ರೆ ಎಲ್ಲಾ ಒಂದೇ ಕಡೆ ತಿರುಗಿ ನಿಲ್ತವೆ. ಬೆಳಕು ಬಿದ್ರೆ ಕ್ರಿಯೆ ಶುರು ಮಾಡೋ ಫೋಟೊ ಇನಿಷಿಯೇಟರ್ ಹಾಕಿ ಯುವಿ ಬೆಳಕು ಬಿಟ್ರೆ ಜಾಲ ಕಟ್ಕೊಂಡು ಆ ದಿಕ್ಕು ಅಲ್ಲೇ ಬಿಗಿಯುತ್ತೆ. ಅದನ್ನೇ ಇನ್ನೂ ಬಿಸಿ ಮಾಡಿ, ಸಾಮಾನ್ಯ ದ್ರವ ಆದ್ಮೇಲೆ ಬೆಳಕು ಬಿಡು. ಫಾರ್ಮುಲಾ ಅದೇ, ದಿಕ್ಕೇ ಇಲ್ಲ. ಮೊದಲನೇದ್ರಲ್ಲಿ ವಕ್ರೀಭವನ ಉದ್ದಕ್ಕೆ ಒಂದು, ಅಡ್ಡಕ್ಕೆ ಇನ್ನೊಂದು.

ಮಂಜು: ಲ್ಯಾಬ್ ಕಥೆ.

ಸವಿತಾ: ಲ್ಯಾಬಾ? ತಟ್ಟೆಯಾಕಾರದ ಅಣುಗಳೂ ದ್ರವ ಹರಳಾಗ್ತವೆ ಅಂತ 1977ರಲ್ಲಿ ತೋರಿಸಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್ ತಂಡ. ಅಂಥ ಅಣುಗಳನ್ನ ಓರಣವಾಗಿ ನಿಲ್ಲಿಸಿ ಪಾಲಿಮರ್ ಮಾಡಿದ ಪೊರೆ ಎಲ್‌ಸಿಡಿ ಪರದೆಗೆ ಹೋಯ್ತು, ಪಕ್ಕದಿಂದ ನೋಡಿದ್ರೂ ಚಿತ್ರ ಮಂಕಾಗದಿರ್ಲಿ ಅಂತ.

ಅಶೋಕಣ್ಣ: ನಿಲ್ಲಿ ಇಬ್ರೂ. ಸವಿತಾ, ನೀನು ಹೇಳಿದ್ದು ಎರಡೂ ತುದಿ ಕಟ್ಟಿಕೊಳ್ಳೋ ಅಣುವಿಗೆ ಸರಿ. ಒಂದೇ ತುದೀಲಿ ಅಕ್ರಿಲೇಟ್ ಇದ್ರೆ? ಬೆಳೆಯೋ ಸರಪಳಿಗೆ ಸುರುಳಿ ಸುತ್ತೋ ಚಾಳಿ. ಕಡ್ಡಿ ಅದಕ್ಕೆ ನೇರ ಅಂಟಿದ್ರೆ ಸಾಲು ಕೆಡುತ್ತೆ. ಅದಕ್ಕೇ 1978ರಲ್ಲಿ ವಿಜ್ಞಾನಿಗಳಾದ ಫಿಂಕೆಲ್‌ಮನ್, ರಿಂಗ್ಸ್‌ಡಾರ್ಫ್ ಅವರು ನಡುವೆ ಬಾಗೋ ಕೊಂಡಿ ಇಟ್ರು. ಆಗಲೂ ನೆಮ್ಯಾಟಿಕ್ ಮೊನೊಮರ್ ಸ್ಮೆಕ್ಟಿಕ್ (ಪದರ ಪದರವಾಗಿ ನಿಲ್ಲೋ) ಪಾಲಿಮರ್ ಆಗಬಹುದು. ದ್ರವ ಹರಳು ಬರೀ ದ್ರಾವಕ ಆಗಿದ್ರಂತೂ ಪಾಲಿಮರ್ ಎಷ್ಟೋ ಸಲ ಬೇರ್ಪಟ್ಟು ಗಂಟುಕಟ್ಟುತ್ತೆ.

ಮಂಜು: ಹಂಗಾದ್ರೆ ಕಾಫಿ ಸಸಿ ಸಾಲಲ್ಲಿ ನೆಟ್ರೂ ರೆಂಬೆ ಎಲ್ಲೆಂದರಲ್ಲಿ ಹೋಗುತ್ತೆ ಅಂದಂಗಾಯ್ತು. ಫಾರ್ವರ್ಡ್ ಸುಳ್ಳು. ಗೆದ್ದೆ ನಾನು!

ಸವಿತಾ: ಫಾರ್ವರ್ಡ್ ಅರ್ಧ ತಪ್ಪು. ನಿಂದು ಪೂರ್ತಿ ತಪ್ಪು.

ಅಶೋಕಣ್ಣ: ಸವಿತಾ ಹೇಳಿದ ಎರಡೂ ಪೊರೆನ ಅಡ್ಡಡ್ಡ ಹಿಡಿದ ಎರಡು ಪೋಲರಾಯ್ಡ್ (ಒಂದೇ ದಿಕ್ಕಿಗೆ ಕಂಪಿಸೋ ಬೆಳಕು ಮಾತ್ರ ಬಿಡೋ ಹಾಳೆ) ನಡುವೆ ಇಟ್ಟು ತಿರುಗಿಸಿದ್ರೆ ಗೊತ್ತಾಗುತ್ತೆ. ದಿಕ್ಕಿರೋದು ಬೆಳಗಿ ಕಪ್ಪಾಗುತ್ತೆ, ದಿಕ್ಕಿಲ್ಲದ್ದು ಕಪ್ಪಾಗೇ ಇರುತ್ತೆ.

ಮಂಜು: ಪೋಲರಾಯ್ಡ್ ಕಳಿಸಣ್ಣ, ನೋಡಿ ಒಪ್ತೀನಿ.

ಸವಿತಾ: ಡಿಗ್ರಿ ಲ್ಯಾಬಲ್ಲೇ ತೋರ್ಸಿದ್ರು. ನೀನು ಕ್ಯಾಂಟೀನಲ್ಲಿದ್ದೆ.