ಹಳೆ ಲ್ಯಾಪ್‌ಟಾಪ್‌ಗೆ ಫ್ರೀಬಿಎಸ್‌ಡಿ: ಹಾಕಿದವರು ತಿಳಿಸಿ

ಪ್ರಶ್ನೆ, ಚಿಂತಾಮಣಿಯಿಂದ: ಐದನೇ ಜನರೇಶನ್ ಐ5, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. ಈಗ ವಿಂಡೋಸ್ ಇದೆ, ಲಿನಕ್ಸ್ ಬಳಸಿ ಗೊತ್ತು. ಲಿನಕ್ಸ್ ತರಹದ್ದೇ ಇನ್ನೊಂದು ಉಚಿತ ಆಪರೇಟಿಂಗ್ ಸಿಸ್ಟಮ್ ಆದ ಫ್ರೀಬಿಎಸ್‌ಡಿಯಲ್ಲಿ ವೈಫೈ, ಸ್ಲೀಪ್, ಕನ್ನಡ ಟೈಪಿಂಗ್ ಮೂರೂ ನಡೆಯುತ್ತಾ?

ತುಮಕೂರಿನಿಂದ: ಮೊದಲು ವೈಫೈ ಕಾರ್ಡ್ ಯಾವುದು ನೋಡಿ ಸರ್, ಉಳಿದದ್ದೆಲ್ಲ ಆಮೇಲೆ. ವಿಂಡೋಸ್ ಇರುವಾಗಲೇ ಡಿವೈಸ್ ಮ್ಯಾನೇಜರ್‌ನಲ್ಲಿ ವೈಫೈ ಅಡಾಪ್ಟರ್ ತೆರೆದು, ಡೀಟೇಲ್ಸ್ ಟ್ಯಾಬ್‌ನಲ್ಲಿ ಹಾರ್ಡ್‌ವೇರ್ ಐಡಿ ಆರಿಸಿ. ವಿಇಎನ್ (ತಯಾರಕರ ಕೋಡ್) ಮುಂದೆ 8086 ಇದ್ದರೆ ಇಂಟೆಲ್. ನಿಮ್ಮ ಕಾಲದ ಲ್ಯಾಪ್‌ಟಾಪ್‌ಗಳಲ್ಲಿ ಬರೋ 7265 ಕಾರ್ಡ್ ಐಡಬ್ಲ್ಯೂಎಮ್ ಡ್ರೈವರ್‌ನಲ್ಲಿ ನಡೆಯುತ್ತೆ, ಆದರೆ ಎಸಿ ಅನ್ನೋ ವೇಗದ ವೈಫೈ ಮಾದರಿಯ ವೇಗ ಸಿಗಲ್ಲ. 10ಇಸಿ ಅಂದ್ರೆ ರಿಯಲ್‌ಟೆಕ್, ಮಾಡೆಲ್ ನೋಡದೆ ಹೇಳೋಕಾಗಲ್ಲ. 14ಇ4 ಅಂದ್ರೆ ಬ್ರಾಡ್‌ಕಾಮ್, ಅದರ ಮೇಲೆ ಆಸೆ ಇಟ್ಕೋಬೇಡಿ. ಕಾರ್ಡ್ ಬದಲಾಯಿಸೋಣ ಅಂತ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗೋ ಮುಂಚೆ ವಿಚಾರಿಸಿ, ಕೆಲವು ಬಯೋಸ್‌ಗಳು (ಲ್ಯಾಪ್‌ಟಾಪ್ ಆನ್ ಆದಾಗ ಮೊದಲು ಓಡೋ ಪ್ರೋಗ್ರಾಮ್) ಬೇರೆ ಕಾರ್ಡ್ ಒಪ್ಪಲ್ಲ.

ವೈಫೈ ಸರಿಹೋಗೋವರೆಗೆ ನೆಟ್‌ಗೆ ಆಂಡ್ರಾಯ್ಡ್ ಫೋನ್ ಸಾಕು. ಡೇಟಾ ಕೇಬಲ್ ಹಾಕಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಯುಇ0 ಅನ್ನೋ ಇಂಟರ್‌ಫೇಸ್ ಬರುತ್ತೆ, ಅದಕ್ಕೆ ಐಪಿ ವಿಳಾಸ ಪಡೆಯೋ ಡಿಎಚ್‌ಕ್ಲೈಂಟ್ ಕಮಾಂಡ್ ಓಡಿಸಿ. ಬರಲಿಲ್ಲ ಅಂದ್ರೆ ಟೆದರಿಂಗ್ ಡ್ರೈವರ್ ಆದ ಯುಆರ್‌ಎನ್‌ಡಿಐಎಸ್ ಮಾಡ್ಯೂಲ್ ಕೈಯಾರೆ ಲೋಡ್ ಮಾಡಿ. ಆಗಲೂ ಇಲ್ಲ ಅಂದ್ರೆ ಕೇಬಲ್ ಬದಲಿಸಿ, ಬರೀ ಚಾರ್ಜಿಂಗ್ ಕೇಬಲ್‌ಗಳೇ ಜಾಸ್ತಿ ಓಡಾಡ್ತವೆ.

ಕೋಲಾರದಿಂದ: ಇದಕ್ಕೆ ಸೇರಿಸ್ತೀನಿ. ಪೆನ್‌ಡ್ರೈವ್‌ನಿಂದ ಇನ್‌ಸ್ಟಾಲ್ ಮಾಡೋಕೆ ಮೆಮ್‌ಸ್ಟಿಕ್ ಅಂತ ಹೆಸರಿರೋ ದೊಡ್ಡ ಫೈಲನ್ನೇ ಇಳಿಸ್ಕೊಳ್ಳಿ. ಮಿನಿ ಅಂತಿರೋದು ಬೇಡ, ಅದು ಎಲ್ಲವನ್ನೂ ನೆಟ್‌ನಿಂದ ಎಳೆಯುತ್ತೆ, ವೈಫೈ ಏಳದಿದ್ರೆ ಅಲ್ಲೇ ನಿಂತುಹೋಗುತ್ತೆ. ಬಯೋಸ್‌ನಲ್ಲಿ ಸೆಕ್ಯೂರ್ ಬೂಟ್ (ಸಹಿ ಇಲ್ಲದ ಸಿಸ್ಟಮ್ ಬೂಟ್ ಆಗದಂತೆ ತಡೆಯೋ ಸೆಟ್ಟಿಂಗ್) ಆಫ್ ಮಾಡಲೇಬೇಕು. ವಿಂಡೋಸ್‌ನಲ್ಲಿ ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕೋ ಎನ್‌ಕ್ರಿಪ್ಷನ್) ಇದ್ದರೆ ಮೊದಲು ರಿಕವರಿ ಕೀ ಬರೆದಿಟ್ಕೊಳ್ಳಿ, ಇಲ್ಲಾಂದ್ರೆ ನಿಮ್ಮ ಫೈಲ್‌ಗಳೇ ನಿಮಗೆ ಸಿಗಲ್ಲ. ಇನ್‌ಸ್ಟಾಲ್ ಮಾಡುವಾಗ ಆಟೋ ಝಡ್‌ಎಫ್‌ಎಸ್ (ಡಿಸ್ಕ್‌ನಲ್ಲಿ ಫೈಲ್ ಜೋಡಿಸೋ ಒಂದು ಫೈಲ್‌ಸಿಸ್ಟಮ್) ಆರಿಸಿದರೆ ಇಡೀ ಡಿಸ್ಕ್ ಅಳಿಸುತ್ತೆ. ವಿಂಡೋಸ್ ಪಕ್ಕದಲ್ಲೇ ಬೇಕು ಅಂದ್ರೆ ಖಾಲಿ ಜಾಗ ಮಾಡಿ ಇನ್ನೊಂದು ಫೈಲ್‌ಸಿಸ್ಟಮ್ ಆದ ಯುಎಫ್‌ಎಸ್ ಹಾಕಿ. ಇಡೀ ಡಿಸ್ಕ್ ಕೊಡೋದಾದ್ರೆ ಮಾತ್ರ ಝಡ್‌ಎಫ್‌ಎಸ್. ಆಗ ಪ್ರತಿ ಅಪ್‌ಡೇಟ್‌ಗೂ ಮುಂಚೆ ಬಿಇಸಿಟಿಎಲ್ ಕಮಾಂಡ್‌ನಿಂದ ಒಂದು ಬೂಟ್ ಎನ್‌ವಿರಾನ್ಮೆಂಟ್ (ಈಗಿನ ಸಿಸ್ಟಮ್‌ನ ಪ್ರತಿ) ಮಾಡಿಡಿ, ಕೆಟ್ಟರೆ ಬೂಟ್ ಮೆನುವಿನಿಂದಲೇ ಹಳೆಯದಕ್ಕೆ ವಾಪಸ್ ಹೋಗಬಹುದು.

ಯೂಸರ್ ಸೇರಿಸುವಾಗ 'ಬೇರೆ ಗುಂಪುಗಳಿಗೆ ಸೇರಿಸಲಾ' ಅಂತ ಇಂಗ್ಲಿಷಿನಲ್ಲಿ ಕೇಳುತ್ತೆ. ಬರೀ ಎಂಟರ್ ಒತ್ತಬೇಡಿ, ವೀಲ್ ಮತ್ತು ವಿಡಿಯೋ ಎರಡನ್ನೂ ಟೈಪ್ ಮಾಡಿ. ವೀಲ್ ಇಲ್ಲದಿದ್ರೆ ಎಸ್‌ಯು ಕಮಾಂಡ್ ಕೊಟ್ಟು ರೂಟ್ (ಎಲ್ಲ ಅಧಿಕಾರ ಇರೋ ಅಡ್ಮಿನ್) ಆಗೋಕಾಗಲ್ಲ, ವಿಡಿಯೋ ಇಲ್ಲದಿದ್ರೆ ಗ್ರಾಫಿಕ್ಸ್ ವೇಗ ಸಿಗಲ್ಲ.

ಗೌರಿಬಿದನೂರಿನಿಂದ: ಸ್ಲೀಪ್ ಸಮಸ್ಯೆ ಅಂದ್ಕೊಳ್ಳೋದು ಬಹಳ ಸಲ ಗ್ರಾಫಿಕ್ಸ್ ಸಮಸ್ಯೆ. ಗ್ರಾಫಿಕ್ಸ್ ಡ್ರೈವರ್‌ಗಳಿರೋ ಡಿಆರ್‌ಎಮ್-ಕೆಮಾಡ್ ಪ್ಯಾಕೇಜ್ ಹಾಕಿ, ಇಂಟೆಲ್‌ನ ಡ್ರೈವರ್ ಆದ ಐ915ಕೆಎಮ್‌ಎಸ್ ಅನ್ನು ಆರ್‌ಸಿ.ಕಾನ್ಫ್ ಅನ್ನೋ ಸೆಟ್ಟಿಂಗ್ ಫೈಲ್‌ನ ಕೆಎಲ್‌ಡಿ_ಲಿಸ್ಟ್ ಸಾಲಿನಲ್ಲಿ ಬರೆಯಿರಿ. ಲೋಡರ್.ಕಾನ್ಫ್‌ನಲ್ಲಿ ಬರೆದರೆ ಬೂಟ್ ಆಗುವಾಗಲೇ ಕೈಕೊಡಬಹುದು. ಈ ಡ್ರೈವರ್ ಲೋಡ್ ಆಗದೆ ಎಸ್3 ಸ್ಲೀಪ್‌ಗೆ (ರ‍್ಯಾಮ್‌ಗೆ ಮಾತ್ರ ಕರೆಂಟ್ ಇರೋ ಮಾಮೂಲಿ ಸ್ಲೀಪ್) ಹಾಕಿದರೆ ಯಂತ್ರ ಎದ್ದರೂ ಪರದೆ ಕಪ್ಪಾಗೇ ಇರುತ್ತೆ. ಹೈಬರ್ನೇಟ್ (ಎಲ್ಲವನ್ನೂ ಡಿಸ್ಕ್‌ಗೆ ಬರೆದು ಪೂರ್ತಿ ಆಫ್ ಆಗೋದು) ಇಲ್ಲವೇ ಇಲ್ಲ, ಬ್ಯಾಟರಿ ಸತ್ತಿದ್ದರೆ ಇದು ನೆನಪಿರಲಿ. ಹೊಸ ಆವೃತ್ತಿಗೆ ಏರಿದ ತಕ್ಷಣ ಪರದೆ ಹೋದರೆ, ಆ ಪ್ಯಾಕೇಜ್ ಹಳೆ ಕರ್ನಲ್‌ಗೆ (ಸಿಸ್ಟಮ್‌ನ ತಿರುಳು) ಕಟ್ಟಿದ್ದು ಅಂತ ಅರ್ಥ. ಪೋರ್ಟ್ಸ್‌ನಿಂದ (ಸೋರ್ಸ್ ಕೋಡ್‌ನಿಂದ ಪ್ಯಾಕೇಜ್ ಕಟ್ಟೋ ವ್ಯವಸ್ಥೆ) ಮತ್ತೆ ಕಟ್ಟಿ.

ಕನ್ನಡಕ್ಕೆ ಚಿಂತೆ ಬೇಡ. ನೋಟೋ ಫಾಂಟ್ ಹಾಕಿ, ಎಕ್ಸ್ (ಕಿಟಕಿ, ಪರದೆ ನಡೆಸೋ ಪ್ರೋಗ್ರಾಮ್) ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಇಂಡಿಯಾ ಲೇಔಟ್‌ನ ಕಗಪ ವಿಧ ಆರಿಸಿ. ನುಡಿ ಅಭ್ಯಾಸ ಇರೋ ಕೈಗೆ ಹೊಸದಾಗಿ ಕಲಿಯೋದೇನಿಲ್ಲ, ಒತ್ತಕ್ಷರಕ್ಕೆ ಅದೇ ಎಫ್ ಕೀ.