ಭಾನುವಾರ ಯಾರದ್ದು ಮಾರಾಯ್ರೇ?

ಬದಿಯಡ್ಕದ ಹೋಟೆಲಿನಲ್ಲಿ ಮೊನ್ನೆ ಗೋಳಿಬಜೆಗಿಂತ ಮೊದಲು ಜಗಳ ಬಂತು. ಗೋಡೆಯಲ್ಲಿ ಎರಡು ಕ್ಯಾಲೆಂಡರ್. ಒಂದರಲ್ಲಿ ವಾರ ಸುರುವಾಗುವುದು ಭಾನುವಾರ, ಇನ್ನೊಂದರಲ್ಲಿ ಸೋಮವಾರ.

"ಭಾನುವಾರವೇ ಮೊದಲು," ಎಂದರು ಭಟ್ರು. "ಹೋರಾ ಲೆಕ್ಕ ನೋಡಿ, ಒಂದೊಂದು ಗಂಟೆಗೆ ಒಂದೊಂದು ಗ್ರಹ, ಮೊದಲ ಗಂಟೆಯ ಗ್ರಹದ ಹೆಸರೇ ದಿನಕ್ಕೆ. ಮೊದಲ ಗಂಟೆ ರವಿಯದ್ದು. ಆಮೇಲೆ ಶುಕ್ರ, ಬುಧ, ಚಂದ್ರ, ಶನಿ, ಗುರು, ಕುಜ. ಹೀಗೇ ಸುತ್ತಿದರೆ 25ನೇ ಗಂಟೆ ಚಂದ್ರನಿಗೆ ಬರುತ್ತದೆ. ಮರುದಿನ ಸೋಮವಾರ!"

"ದಿನಾಂಕ ಬರೆಯುವ ಅಂತಾರಾಷ್ಟ್ರೀಯ ಮಾನದಂಡ ಐಎಸ್‌ಒ 8601 ಪ್ರಕಾರ ಸೋಮವಾರವೇ ಮೊದಲು," ಎಂದರು ಮಾಷ್ಟ್ರು. ಅವರಿಗೆ ನಂಬರ್ ಸಿಕ್ಕಿದರೆ ಸಾಕು, ಬೇರೆ ಸಾಕ್ಷಿ ಬೇಡ.

ಸಿರಿಲ್ ಆಗಷ್ಟೇ ಬೇಳ ಚರ್ಚಿನಿಂದ ಪೂಜೆ ಮುಗಿಸಿ ಬಂದಿದ್ದ. "ದೇವರು ವಿಶ್ರಾಂತಿ ತೆಗೆದುಕೊಂಡದ್ದು ಏಳನೆಯ ದಿನ, ಅಂದರೆ ಶನಿವಾರ. ಯೇಸು ಎದ್ದು ಬಂದದ್ದು ಭಾನುವಾರ. ಹಾಗಾಗಿ ನಮಗೂ ಅದೇ ಮೊದಲು."

"ಅವರು ಎದ್ದ ದಿನ ನೀನು ಮಧ್ಯಾಹ್ನ ಕೋಳಿ ತಿಂದು ಮಲಗುವುದಾ?" ಎಂದ ಅದ್ರಾಮಚ್ಚ. ಅವನಿಗೆ ಹೊಟ್ಟೆಕಿಚ್ಚು. ದುಬೈಯಲ್ಲಿದ್ದಷ್ಟು ಕಾಲ ರಜೆ ಶುಕ್ರವಾರ, ಭಾನುವಾರ ಡ್ಯೂಟಿ. ಅವನು ಊರಿಗೆ ಬಂದು ಅಂಗಡಿ ಹಾಕಿದ. 2022ರ ಜನವರಿಯಲ್ಲಿ ಅಲ್ಲಿನ ಸರಕಾರ ಶುಕ್ರವಾರ ಅರ್ಧ ದಿನ ಮಾಡಿ ಶನಿವಾರ, ಭಾನುವಾರ ಪೂರ್ತಿ ರಜೆ ಕೊಟ್ಟಿತು. ಈಗ ಅಂಗಡಿಯಲ್ಲಿ ಭಾನುವಾರವೇ ವ್ಯಾಪಾರ ಜಾಸ್ತಿ.

ಈಶ್ವರಣ್ಣ ಸುಮ್ನೆ ಚಾ ಕುಡಿಯುತ್ತಿದ್ದರು. ಒಂದು ವಾರದ ಮಳೆ ಅವತ್ತೇ ಬಿಟ್ಟಿತ್ತು. ಅಡಿಕೆಗೆ ಮದ್ದು ಬಿಡುವವ ಫೋನ್ ತೆಗೆಯುತ್ತಿರಲಿಲ್ಲ. "ಈ ರಜೆ ಕೊಟ್ಟ ಪುಣ್ಯಾತ್ಮ ಯಾರು?" ಎಂದು ಕೇಳಿದರು.

ಮಾಷ್ಟ್ರಿಗೆ ಅಷ್ಟೇ ಬೇಕಿತ್ತು. "321ರಲ್ಲಿ ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್. ಕೋರ್ಟು, ಪೇಟೆ, ಕಸುಬು ಎಲ್ಲಾ ಬಂದ್. ಆದರೆ ಕೃಷಿಕರು ಕೆಲಸ ಮಾಡಬಹುದು ಅಂದ. ಹವೆ ತಪ್ಪಿದರೆ ಬೆಳೆ ಹೋಗುತ್ತದಲ್ವಾ?"

"ಹಾಂ! ಅವನಿಗೆ ತೋಟ ಇತ್ತು, ಖಂಡಿತ," ಎಂದರು ಈಶ್ವರಣ್ಣ.

"ನಮ್ಮ ದೇಶದಲ್ಲಿ ಅದು ಹೋರಾಡಿ ಪಡೆದದ್ದು," ಎಂದೆ ನಾನು. ರಾಜರ ಕತೆಗಿಂತ ನನಗೆ ಇದೇ ಇಷ್ಟ. ಮುಂಬೈ ಗಿರಣಿಗಳಲ್ಲಿ ವಾರದ ರಜೆಯೇ ಇರಲಿಲ್ಲ. ಕಾರ್ಮಿಕ ನಾಯಕ ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಅರ್ಜಿ, ಸಭೆ ಎಂದು ಓಡಾಡಿದ ಮೇಲೆ 1890ರಲ್ಲಿ ಮಾಲೀಕರು ಭಾನುವಾರ ಬಿಟ್ಟುಕೊಟ್ಟರು. ಅಲ್ಲಿನ ಖಂಡೋಬ ದೇವರ ವಾರವೂ ಅದೇ.

ಅಷ್ಟರಲ್ಲಿ ಈಶ್ವರಣ್ಣನ ಫೋನ್ ಬಡಿಯಿತು. ಮದ್ದು ಬಿಡುವವನೇ. "ನಾಳೆ ಬೆಳಿಗ್ಗೆ ಬರ್ತೇನಂತೆ," ಎಂದು ಖುಷಿಯಲ್ಲಿ ಎದ್ದರು.

"ನಾಳೆ ಹರತಾಳ," ಎಂದ ಹೋಟೆಲಿನವ.